ಘಟ್ಟ ಹತ್ತಲು ತಿಣುಕುವ ಲಾರಿ: ಹೌಸಿಂಗ್ ತೆರೆಯದೆಯೇ ಕ್ರೌನ್-ಪಿನಿಯನ್ ಹಲ್ಲು ಎಣಿಸುವ ಬಗೆ

ದೇವಿಮನೆ ಘಟ್ಟದಲ್ಲಿ ಒಂದು ತಿರುವಿದೆ. ಕುಮಟಾ ಕಡೆಯಿಂದ ಹತ್ತುವಾಗ ರಸ್ತೆ ಅಲ್ಲಿ ಮಡಚಿಕೊಳ್ಳುತ್ತದೆ, ಮಡಚಿಕೊಳ್ಳುತ್ತಲೇ ಏರುತ್ತದೆ. ನನ್ನ ಆರು ಚಕ್ರದ ಲಾರಿ ಚಿರೆಕಲ್ಲು ಹೇರಿಕೊಂಡು ಆರು ವರ್ಷ ಆ ತಿರುವನ್ನು ಮೂರನೇ ಗೇರಿನಲ್ಲೇ ದಾಟಿತ್ತು. ಕಳೆದ ಮಳೆಗಾಲ ಮುಗಿದ ಮೇಲೆ ಅದೇ ಹೇರಿಗೆ ಅದೇ ತಿರುವಿನಲ್ಲಿ ಎರಡನೇ ಗೇರಿಗೆ ಇಳಿಯಬೇಕಾಯಿತು. ಹೊಗೆ ಇಲ್ಲ, ಹೊಸ ಸದ್ದಿಲ್ಲ, ಎಂಜಿನ್ ಬಿಸಿಯೂ ಮಾಮೂಲಿನಷ್ಟೇ. ಉಸಿರು ಮಾತ್ರ ಸಾಲುತ್ತಿಲ್ಲ.

ಹೀಗಾದಾಗ ಎಲ್ಲರ ಬೆರಳೂ ಎಂಜಿನ್ ಕಡೆಗೇ ಹೋಗುತ್ತದೆ. ಏರ್ ಫಿಲ್ಟರ್ ಬದಲಿಸಿದೆ. ಟರ್ಬೊದಿಂದ ಬರುವ ರಬ್ಬರ್ ಹೋಸ್ ಸೀಳಿದೆಯೇ ಎಂದು ಸಾಬೂನು ನೀರು ಹಚ್ಚಿ ನೋಡಿದೆ. ಡೀಸೆಲ್ ಫಿಲ್ಟರ್ ಹೊಸದಾಯಿತು. ಇಂಜೆಕ್ಟರ್‌ಗಳನ್ನು ಬಿಚ್ಚಿ ಪರೀಕ್ಷೆಗೆ ಕಳಿಸಬೇಕು ಎಂಬ ಸಲಹೆ ಬಂದಾಗ ನಾನು ತಡೆದು ನಿಂತೆ. ತಡೆದದ್ದು ಓಡೋಮೀಟರ್. ಶಿರಸಿಯ ನಮ್ಮ ಅಂಗಳದಿಂದ ಕುಮಟಾದ ನಾನು ಹೇರು ಇಳಿಸುವ ಜಾಗಕ್ಕೆ ಯಾವಾಗಲೂ 60 ಕಿಲೋಮೀಟರ್ ತೋರಿಸುತ್ತಿತ್ತು. ಆ ತಿಂಗಳ ಬಾಡಿಗೆ ಪುಸ್ತಕ ಬರೆಯುವಾಗ ನೋಡಿದರೆ, ಪ್ರತಿ ಸಲವೂ 53. ರಸ್ತೆ ಕುಗ್ಗುವುದಿಲ್ಲ. ಹಾಗಾದರೆ ಗೇರ್‌ಬಾಕ್ಸಿನಿಂದ ಚಕ್ರದವರೆಗಿನ ದಾರಿಯಲ್ಲಿ ಏನೋ ಬದಲಾಗಿದೆ.

ಇಂಜೆಕ್ಟರ್ ಬಿಚ್ಚುವ ಮೊದಲು ಹಿಂದಿನ ಆಕ್ಸಲಿನ ಗೇರ್ ಅನುಪಾತವೊಂದನ್ನು ನೋಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಬೇಕಾದದ್ದು ಒಂದು ಸೀಮೆಸುಣ್ಣ, ಒಂದು ಟೇಪು, ಒಂದು ಪಾನಾ ಸೆಟ್ಟು ಮತ್ತು ಜೊತೆಗೆ ಒಬ್ಬರು.

ಯಾಕೆ ಓಡೋಮೀಟರ್ ಸಾಕ್ಷಿ ಹೇಳುತ್ತದೆ ಎಂಬುದು ಮೊದಲು. ನನ್ನ ಲಾರಿಯಂತಹ ಹಲವು ಲಾರಿಗಳಲ್ಲಿ ಸ್ಪೀಡೋಮೀಟರಿನ ಸೆನ್ಸರ್ ಗೇರ್‌ಬಾಕ್ಸಿನ ಹಿಂತುದಿಯಲ್ಲಿ ಇರುತ್ತದೆ. ಅದು ಚಕ್ರವನ್ನು ನೋಡುವುದಿಲ್ಲ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಸುತ್ತುಗಳನ್ನು ಎಣಿಸುತ್ತದೆ. ಶಾಫ್ಟ್ ಇಷ್ಟು ಸುತ್ತು ತಿರುಗಿದರೆ ಚಕ್ರ ಇಷ್ಟು ದೂರ ಹೋಗುತ್ತದೆ ಎಂದು ಕಂಪನಿಯಲ್ಲೇ ಲೆಕ್ಕ ಕಟ್ಟಿರುತ್ತಾರೆ. ಆ ಲೆಕ್ಕದ ನಡುವೆ ನಿಂತಿರುವುದು ಹಿಂದಿನ ಹೌಸಿಂಗಿನ, ಅಂದರೆ ಆಕ್ಸಲಿನ ಎರಕದ ಗೂಡಿನ, ಒಳಗಿರುವ ಕ್ರೌನ್ ಮತ್ತು ಪಿನಿಯನ್: ಶಾಫ್ಟಿನ ಜೊತೆ ತಿರುಗುವ ಸಣ್ಣ ಗೇರ್ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್. ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 41 ಹಲ್ಲು ಇದ್ದರೆ ಅನುಪಾತ 41 ಭಾಗಿಸು 8, ಅಂದರೆ 5.125. ಚಕ್ರ ಒಂದು ಸುತ್ತು ಹೋಗಲು ಶಾಫ್ಟ್ ಐದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಬೇಕು. ಗ್ಯಾರೇಜಿನ ಮಾತಿನಲ್ಲಿ ಇದು ‘ಎಂಟು-ನಲವತ್ತೊಂದು’. ಇದರ ಜಾಗದಲ್ಲಿ ಒಂಬತ್ತು-ನಲವತ್ತೊಂದು ಕೂತರೆ ಅನುಪಾತ 4.556 ಆಗುತ್ತದೆ. ಶಾಫ್ಟ್ ಕಡಿಮೆ ತಿರುಗುತ್ತದೆ, ಮೀಟರ್ ಕಡಿಮೆ ಎಣಿಸುತ್ತದೆ. 60ರ ಒಂಬತ್ತರಲ್ಲಿ ಎಂಟು ಪಾಲು 53.3. ಬಾಡಿಗೆ ಪುಸ್ತಕದ ಅಂಚಿನಲ್ಲಿ ಈ ಭಾಗಾಕಾರ ಮಾಡಿದಾಗ ನನ್ನ ಅನುಮಾನ ಗಟ್ಟಿಯಾಯಿತು.

ಅನುಪಾತದ ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ಓಟ ಕಡಿಮೆ. ಸಂಖ್ಯೆ ಸಣ್ಣದಾದರೆ ಅದರ ತಿರುವುಮುರುವು. ಕಾರವಾರದಿಂದ ಗೋವಾ ಕಡೆಗೆ ಮಂಜುಗಡ್ಡೆಯಲ್ಲಿ ಮೀನು ಒಯ್ಯುವ ಗಾಡಿಗೆ ಸಣ್ಣ ಸಂಖ್ಯೆಯೇ ಒಳ್ಳೆಯದು. ಹೆದ್ದಾರಿ 66ರಲ್ಲಿ ಎಂಜಿನ್ ನಿಧಾನ ತಿರುಗಿಕೊಂಡು ಡೀಸೆಲ್ ಉಳಿಸುತ್ತದೆ. ಸಾಣಿಕಟ್ಟೆಯ ಉಪ್ಪನ್ನೋ ಚಿರೆಕಲ್ಲನ್ನೋ ಘಟ್ಟದ ಮೇಲೆ ತರುವವನಿಗೆ ಅದೇ ಸಂಖ್ಯೆ ಶತ್ರು. 5.125ರಿಂದ 4.556ಕ್ಕೆ ಬಂದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಬಲ ಒಂಬತ್ತನೇ ಒಂದು ಪಾಲು ಕಡಿಮೆ.

ಹತ್ತುವುದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇಳಿಯುವುದು. ಅರಬೈಲ್ ಘಟ್ಟದಲ್ಲಾಗಲಿ ದೇವಿಮನೆಯಲ್ಲಾಗಲಿ ಹೇರು ಹೊತ್ತು ಇಳಿಯುವಾಗ ನಮ್ಮನ್ನು ಹಿಡಿದಿಡುವುದು ಎಂಜಿನ್. ಅನುಪಾತ ಸಣ್ಣದಾದರೆ ಅದೇ ಗೇರಿನಲ್ಲಿ ಎಂಜಿನ್ ಹಿಡಿತವೂ ಅಷ್ಟೇ ಪಾಲು ಸಡಿಲ. ಆ ಕೊರತೆಯನ್ನು ಬ್ರೇಕ್ ಡ್ರಮ್ ತುಂಬಿಕೊಡಬೇಕು. ಆ ಎರಡು ತಿಂಗಳು ಘಟ್ಟದ ಕೆಳಗೆ ಇಳಿದ ಮೇಲೆ ಡ್ರಮ್ಮಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಲೈನರ್ ಹೊಸದು, ಹೊಂದಿಕೊಳ್ಳುತ್ತಿರಬಹುದು ಎಂದು ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅದು ತಪ್ಪು ಸಮಾಧಾನವಾಗಿತ್ತು. ಆದ್ದರಿಂದ ಇದನ್ನು ಬರಿಯ ಮೈಲೇಜಿನ ಪ್ರಶ್ನೆ ಎಂದು ಯಾರೂ ತಿಳಿಯಬಾರದು.

ಮೊದಲು ತಗಡಿನ ಪಟ್ಟಿಯನ್ನು ಹುಡುಕಿ. ಕ್ರೌನಿನ ತಿರುಗಾಟವನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ಲಿನ ಒಂದು ಬೋಲ್ಟಿಗೆ ಸಿಕ್ಕಿಸಿಯೋ ಹೌಸಿಂಗಿಗೆ ರಿವೆಟ್ ಹೊಡೆದೋ ಸಣ್ಣ ತಗಡು ಇರುತ್ತದೆ. ಕೆಲವು ಗಾಡಿಗಳಲ್ಲಿ ಎರಕದ ಮೇಲೆಯೇ ಅಂಕಿ ಹೊಡೆದಿರುತ್ತಾರೆ. ನಮ್ಮ ಕೆಂಪು ಮಣ್ಣು ಗ್ರೀಸಿನ ಜೊತೆ ಸೇರಿ ಹೆಂಚಿನಂತೆ ಗಟ್ಟಿಯಾಗಿರುತ್ತದೆ. ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ಉಳಿ ತಾಗಿಸಬೇಡಿ. 41:8 ಎಂದೋ 5.125 ಎಂದೋ ಓದಲು ಸಿಕ್ಕರೆ ಬರೆದಿಟ್ಟುಕೊಳ್ಳಿ. ಪಟ್ಟಿ ಕಳೆದುಹೋಗಿದ್ದರೆ ಚಾಸಿಸ್ ಸಂಖ್ಯೆ ಕೊಟ್ಟು ಕಂಪನಿಯ ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ ಗಾಡಿ ಹುಟ್ಟಿದಾಗ ಏನಿತ್ತು ಎಂದು ಹೇಳುತ್ತಾರೆ.

‘ಹುಟ್ಟಿದಾಗ’ ಎಂಬ ಮಾತನ್ನು ಮರೆಯಬೇಡಿ. ನನ್ನ ಹೌಸಿಂಗಿನ ತಗಡು ಸ್ಪಷ್ಟವಾಗಿ 41:8 ಎನ್ನುತ್ತಿತ್ತು. ಅದು ಹೌಸಿಂಗಿಗೆ ಹೊಡೆದ ತಗಡು. ಮಳೆಗಾಲದಲ್ಲಿ ಉಕ್ಕಿದ ಹಳ್ಳವೊಂದನ್ನು ದಾಟುವಾಗ ಹೌಸಿಂಗಿನ ಗಾಳಿ ಕಿಂಡಿಯಾದ ಬ್ರೀದರಿನಿಂದ ನೀರು ಹೊಕ್ಕು, ಅದನ್ನು ನಾನು ಗಮನಿಸದೆ ಓಡಿಸಿ, ಕೊನೆಗೆ ಪಿನಿಯನ್ ಹಲ್ಲು ಮುರಿದಿತ್ತು. ದುರಸ್ತಿ ಮಾಡಿದವರು ಬೇರೊಂದು ಲಾರಿಯ ಡಿಫರೆನ್ಷಿಯಲ್ಲನ್ನು ಇಡಿಯಾಗಿ ತಂದು ಕೂರಿಸಿದ್ದರು. ಬೋಲ್ಟಿನ ತೂತು ಹೊಂದಿತು, ಶಾಫ್ಟಿನ ತುದಿಯ ಉದ್ದುದ್ದ ಹಲ್ಲು, ಅಂದರೆ ಸ್ಪ್ಲೈನ್, ಹೊಂದಿತು, ಲಾರಿ ಓಡಿತು. ಒಳಗಿನ ಹಲ್ಲು ಎಷ್ಟು ಎಂದು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ದುರಸ್ತಿಯಾದ ಗಾಡಿಯಲ್ಲಿ ತಗಡು ಹಳೆಯ ಕಥೆಯನ್ನೇ ಹೇಳುತ್ತಿರುತ್ತದೆ.

ಎರಡನೆಯದು ರಸ್ತೆಯ ಲೆಕ್ಕ. ಇದಕ್ಕೆ ಲಾರಿಯ ಕೆಳಗೆ ಹೋಗಬೇಕಾಗಿಲ್ಲ. ಹಿಂದಿನ ಟೈರಿನ ಬದಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದರ ನೇರಕ್ಕೆ ನೆಲದ ಮೇಲೂ ಗುರುತು ಹಾಕಿ, ಗಾಡಿಯನ್ನು ಐದು ಸುತ್ತು ಮುಂದೆ ಬಿಟ್ಟು ಟೇಪಿನಿಂದ ಅಳೆಯಿರಿ. ನನಗೆ 13.1 ಮೀಟರ್ ಬಂತು, ಅಂದರೆ ಸುತ್ತಿಗೆ 2.62 ಮೀಟರ್. ಟೈರಿನ ಮೇಲಿನ ಅಳತೆಯನ್ನು ನಂಬಿ ಲೆಕ್ಕ ಹಾಕಬೇಡಿ. ಹೊಸ ಟೈರಿಗೂ ಸವೆದ ಟೈರಿಗೂ ನೂರಕ್ಕೆ ಎರಡು ಮೂರು ಪಾಲು ವ್ಯತ್ಯಾಸವಿರುತ್ತದೆ, ಹೇರು ಬಿದ್ದಾಗ ಇನ್ನಷ್ಟು ಕುಗ್ಗುತ್ತದೆ.

ಆಮೇಲೆ ಸಮತಟ್ಟಾದ ರಸ್ತೆಗೆ ಹೋಗಿ. ನಾನು ಕುಮಟಾ-ಅಂಕೋಲಾ ನಡುವಿನ ಹೆದ್ದಾರಿಯಲ್ಲಿ ಬೆಳಗಿನ ಜಾವ ನೋಡಿದೆ. ಗೇರ್‌ಬಾಕ್ಸಿನ ಅನುಪಾತ ನೇರವಾಗಿ ಒಂದಕ್ಕೊಂದು ಇರುವ ಗೇರಿನಲ್ಲಿ ಓಡಿಸಬೇಕು. ನನ್ನ ಲಾರಿಗೆ ಅದು ಐದನೆಯದು. ಓವರ್‌ಡ್ರೈವ್, ಅಂದರೆ ಶಾಫ್ಟನ್ನು ಎಂಜಿನ್ನಿಗಿಂತ ವೇಗವಾಗಿ ತಿರುಗಿಸುವ ಮೇಲಿನ ಗೇರ್, ಇರುವ ಗಾಡಿಯಲ್ಲಿ ಅದಕ್ಕಿಂತ ಒಂದು ಕೆಳಗಿನ ಗೇರ್ ಸಾಮಾನ್ಯವಾಗಿ ನೇರ ಗೇರ್ ಆಗಿರುತ್ತದೆ. ಪಕ್ಕದಲ್ಲಿ ಕೂತವರು ಮೊಬೈಲಿನ ಜಿಪಿಎಸ್ ವೇಗ ನೋಡುತ್ತಿರಲಿ. ನಿಜವಾದ ವೇಗ 60 ಇದ್ದಾಗ ಲಾರಿ ನಿಮಿಷಕ್ಕೆ 1000 ಮೀಟರ್ ಹೋಗುತ್ತದೆ. ಅದನ್ನು 2.62ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ ಸುಮಾರು 382 ಸುತ್ತು. ಎಂಜಿನ್ ಸುತ್ತನ್ನು ಈ 382ರಿಂದ ಭಾಗಿಸಿದರೆ ಸಿಗುವುದೇ ಆಕ್ಸಲ್ ಅನುಪಾತ. ಎಂಟು-ನಲವತ್ತೊಂದು ಆಗಿದ್ದರೆ ಎಂಜಿನ್ 1950ರ ಆಸುಪಾಸಿನಲ್ಲಿರಬೇಕಿತ್ತು. ಎಂಜಿನ್ ಸುತ್ತು ತೋರಿಸುವ ನನ್ನ ಮೀಟರಿನ ಮುಳ್ಳು 1750ರ ಮೇಲೆ ನಿಂತಿತ್ತು. ಭಾಗಿಸಿದರೆ 4.58. ಸ್ಪೀಡೋಮೀಟರ್ ಆಗ 53 ಎನ್ನುತ್ತಿತ್ತು.

ಈ ಲೆಕ್ಕ ದಾರಿ ತೋರಿಸುತ್ತದೆ, ಮನೆ ಮುಟ್ಟಿಸುವುದಿಲ್ಲ. ಮುಳ್ಳು ಅತ್ತಿತ್ತ 50 ಸುತ್ತು ತಪ್ಪಿದರೂ ಉತ್ತರ 4.45ರಿಂದ 4.72ರವರೆಗೆ ಜಾರುತ್ತದೆ. ಆದರೂ ಬೇರೆ ರೋಗಗಳನ್ನು ಇದು ಚೆನ್ನಾಗಿ ಬೇರ್ಪಡಿಸುತ್ತದೆ. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಸುತ್ತು ಏರುತ್ತದೆ, ವೇಗ ಏರುವುದಿಲ್ಲ; ನನ್ನಲ್ಲಿ ಆಗಿದ್ದು ಅದಕ್ಕೆ ವಿರುದ್ಧ. ಬ್ರೇಕ್ ಹಿಡಿದುಕೊಂಡಿದ್ದರೆ ಹಬ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ, ಆದರೆ ಸುತ್ತಿಗೂ ವೇಗಕ್ಕೂ ಇರುವ ಸಂಬಂಧ ಕೆಡುವುದಿಲ್ಲ. ಎಂಜಿನ್ ನಿಜಕ್ಕೂ ಸೊರಗಿದ್ದರೂ ಆ ಸಂಬಂಧ ಹಾಗೆಯೇ ಇರುತ್ತದೆ. ಸಂಬಂಧವೇ ಬದಲಾಗಿದೆ ಎಂದರೆ ಒಂದೋ ಟೈರ್ ಬದಲಾಗಿದೆ, ಇಲ್ಲವೇ ಆಕ್ಸಲ್ ಬದಲಾಗಿದೆ. ಟೈರಿನಿಂದ ಇಷ್ಟು ವ್ಯತ್ಯಾಸ ಬರಬೇಕಾದರೆ ಅದರ ಸುತ್ತಳತೆ 2.62ರಿಂದ 2.95 ಮೀಟರಿಗೆ ಏರಬೇಕು. ಅಷ್ಟು ದೊಡ್ಡ ಟೈರ್ ಹಾಕಿದ್ದರೆ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಸ್ಪೀಡೋಮೀಟರ್ ಚಕ್ರದ ಎಬಿಎಸ್ ಸೆನ್ಸರಿನಿಂದ ಅಂಕಿ ಪಡೆಯುವ ಗಾಡಿಯಾದರೆ ಮೀಟರ್ ಸರಿಯಾಗಿಯೇ ತೋರಿಸುತ್ತದೆ. ಅಲ್ಲಿ ಎಂಜಿನ್ ಸುತ್ತಿನ ಲೆಕ್ಕವನ್ನೇ ಹಿಡಿಯಬೇಕು.

ಇನ್ನು ಸೀಮೆಸುಣ್ಣದ ಕೆಲಸ. ಇದರ ಬಗ್ಗೆ ನನಗೆ ಬಹಳ ಪ್ರೀತಿ, ಯಾಕೆಂದರೆ ಇದು ಅಂದಾಜು ಹೇಳುವುದಿಲ್ಲ, ಹಲ್ಲನ್ನೇ ಎಣಿಸಿ ಕೊಡುತ್ತದೆ.

ಹಿಂದೆ ಜೋಡಿ ಚಕ್ರವಿರುವ ಲಾರಿಗಳಲ್ಲಿ ಆಕ್ಸಲ್ ಶಾಫ್ಟ್ ಭಾರ ಹೊರುವುದಿಲ್ಲ, ತಿರುಗಿಸುವ ಕೆಲಸ ಮಾತ್ರ ಅದರದು. ಭಾರವೆಲ್ಲ ಹಬ್ಬಿನ ಬೇರಿಂಗುಗಳ ಮೇಲೆ. ಹಬ್ಬಿನ ನಡುವೆ ತಟ್ಟೆಯಂತೆ ಕಾಣುವ ಫ್ಲ್ಯಾಂಜ್ ಈ ಶಾಫ್ಟಿನ ತಲೆ. ಅದರ ಬೋಲ್ಟುಗಳನ್ನು ಬಿಚ್ಚಿದರೂ ಚಕ್ರ ಕಳಚುವುದಿಲ್ಲ, ಲಾರಿ ಎತ್ತುವ ಅಗತ್ಯವೂ ಇಲ್ಲ. ಜ್ಯಾಕ್ ಬಳಸದೆ ಕೆಲಸ ಮುಗಿಯುತ್ತದೆ ಎಂಬುದೇ ಈ ವಿಧಾನದ ದೊಡ್ಡ ಗುಣ. ಮಳೆಯಲ್ಲಿ ನೆನೆದ ನಮ್ಮ ಅಂಗಳಗಳಲ್ಲಿ ಜ್ಯಾಕ್ ಹೇಗೆ ಹೂತುಹೋಗುತ್ತದೆ ಎಂದು ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಖಾಲಿ ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಪಾರ್ಕಿಂಗ್ ಬ್ರೇಕ್ ಎಳೆದೇ ಇರಲಿ. ನಾಲ್ಕೂ ಕಡೆ ಚಕ್ರಗಳ ಹಿಂದೆ ಮುಂದೆ ಮರದ ಅಡ್ಡೆ ಕೊಡಿ. ಗೇರ್ ನ್ಯೂಟ್ರಲ್, ಎಂಜಿನ್ ಬಂದ್, ಕೀಲಿ ಕೈ ಕೆಳಗೆ ಮಲಗುವವರ ಜೇಬಿನಲ್ಲಿ. ಒಂದು ಕಡೆಯ ಶಾಫ್ಟ್ ಬಿಚ್ಚಿದ ಮೇಲೆ ಗೇರಿಗೆ ಹಾಕಿ ನಿಲ್ಲಿಸಿದರೂ ಗಾಡಿ ನಿಲ್ಲುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಡಿ. ಹಿಡಿದಿರುವುದು ಬ್ರೇಕ್ ಮತ್ತು ಅಡ್ಡೆ ಮಾತ್ರ. ಪಾರ್ಕಿಂಗ್ ಬ್ರೇಕಿನ ಡ್ರಮ್ ಚಕ್ರದಲ್ಲಿರದೆ ಪ್ರೊಪೆಲ್ಲರ್ ಶಾಫ್ಟಿನ ಮೇಲಿರುವ ಗಾಡಿಗೆ ಈ ವಿಧಾನ ಬೇಡ.

ಎಡಗಡೆಯ ಫ್ಲ್ಯಾಂಜಿನ ಬೋಲ್ಟುಗಳನ್ನು ಬಿಚ್ಚಿ. ನನ್ನದರಲ್ಲಿ ಎಂಟು. ಫ್ಲ್ಯಾಂಜ್ ಗ್ಯಾಸ್ಕೆಟ್ಟಿಗೆ ಅಂಟಿಕೊಂಡಿರುತ್ತದೆ. ಅಂಚಿಗೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಎಣ್ಣೆ ಸೋರಲು ಅದೇ ದಾರಿಯಾಗುತ್ತದೆ. ಹಿತ್ತಾಳೆಯ ಸುತ್ತಿಗೆಯಿಂದ ನಡುವಿಗೆ ಒಂದೆರಡು ಏಟು ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ಬೋಲ್ಟಿನ ಬದಲು ಸ್ಟಡ್ಡು ಮತ್ತು ಕೋನ್ ಇರುವ ಗಾಡಿಗಳಲ್ಲಿ ಇದೇ ಏಟಿಗೆ ಕೋನುಗಳು ಹೊರಗೆ ಹಾರುತ್ತವೆ, ಮುಖ ಪಕ್ಕಕ್ಕಿರಲಿ. ಕೆಳಗೊಂದು ಬಟ್ಟಲಿಡಿ. ಹಳೆಯ ಗೇರ್ ಆಯಿಲ್ ಗಂಧಕದ ವಾಸನೆ ಹೊಡೆಯುತ್ತಾ ತೊಟ್ಟಿಕ್ಕುತ್ತದೆ. ಫ್ಲ್ಯಾಂಜ್ ಹಬ್ಬಿನಿಂದ ಬೇರ್ಪಟ್ಟು ಸರಾಗವಾಗಿ ತಿರುಗುವಷ್ಟು ಮಾತ್ರ ಎಳೆಯಿರಿ. ಸ್ಟಡ್ಡಿದ್ದರೆ ಅದನ್ನು ದಾಟುವಷ್ಟು. ಇನ್ನೂ ಎಳೆದರೆ ಒಳತುದಿಯ ಸ್ಪ್ಲೈನ್ ಕಳಚುತ್ತದೆ, ಆಗ ಪ್ರೊಪೆಲ್ಲರ್ ಶಾಫ್ಟ್ ತಿರುಗಿದರೂ ಫ್ಲ್ಯಾಂಜ್ ಅಲುಗುವುದಿಲ್ಲ. ಹೊರಗಿರುವವರು ಫ್ಲ್ಯಾಂಜಿನ ಭಾರವನ್ನು ಅಂಗೈಯಲ್ಲಿ ಹೊತ್ತಿರಬೇಕು, ಜೋತುಬಿದ್ದರೆ ಆಯಿಲ್ ಸೀಲ್ ಹರಿಯುತ್ತದೆ.

ಫ್ಲ್ಯಾಂಜಿನ ಅಂಚಿಗೂ ಹಬ್ಬಿಗೂ ಸೇರಿಸಿ ಒಂದು ಗೆರೆ. ಪ್ರೊಪೆಲ್ಲರ್ ಶಾಫ್ಟ್ ಡಿಫರೆನ್ಷಿಯಲ್ಲಿಗೆ ಸೇರುವಲ್ಲಿ ಮತ್ತೊಂದು ಗೆರೆ, ಅದರ ಎದುರಿಗೆ ಹೌಸಿಂಗಿನ ಮೇಲೂ ಗುರುತು. ಗೆರೆ ಸಣ್ಣದಾಗಿರಲಿ. ಇನ್ನು ಕೆಳಗಿರುವವರು ಪ್ರೊಪೆಲ್ಲರ್ ಶಾಫ್ಟನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾ ಗಟ್ಟಿಯಾಗಿ ಎಣಿಸಬೇಕು. ಹಿಂದಕ್ಕೆ ತಿರುಗಿಸಿದರೆ ಹಲ್ಲುಗಳ ನಡುವಿನ ಸಡಿಲು ಎಣಿಕೆಯೊಳಗೆ ಸೇರಿಕೊಳ್ಳುತ್ತದೆ. ಹೊರಗಿರುವವರು ಫ್ಲ್ಯಾಂಜಿನ ಸುತ್ತು ಎಣಿಸಬೇಕು.

ಇಲ್ಲೊಂದು ಮಾತು ಪಕ್ಕಾ ಅರ್ಥವಾಗಬೇಕು, ಹೆಚ್ಚಿನವರು ಎಡವುವುದು ಇಲ್ಲಿಯೇ. ಬಲಗಡೆಯ ಚಕ್ರವನ್ನು ಬ್ರೇಕ್ ಹಿಡಿದಿದೆ, ಅದು ತಿರುಗುವುದಿಲ್ಲ. ಎಡಗಡೆಯದು ಮಾತ್ರ ತಿರುಗುತ್ತದೆ. ಡಿಫರೆನ್ಷಿಯಲ್ಲಿನ ಸ್ವಭಾವವೇ ಹಾಗೆ: ಎರಡೂ ಕಡೆಯ ಸುತ್ತುಗಳ ಸರಾಸರಿಯೇ ಕ್ರೌನಿನ ಸುತ್ತು. ಒಂದು ಕಡೆ ನಿಂತು ಇನ್ನೊಂದು ಕಡೆ ಎರಡು ಸುತ್ತು ಹೋದರೆ ಕ್ರೌನ್ ಹೋಗಿದ್ದು ಒಂದೇ ಸುತ್ತು. ಆದ್ದರಿಂದ ಫ್ಲ್ಯಾಂಜಿನ 2 ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತೋ ಅದು ಅನುಪಾತ. ಇದನ್ನು ಮರೆತವರಿಗೆ ಉತ್ತರ ಅರ್ಧಕ್ಕೆ ಬಂದು, 2.28 ಎಂಬ ಲಾರಿಗೆ ಹೊಂದದ ಸಂಖ್ಯೆ ಸಿಗುತ್ತದೆ.

ಎರಡು ಸುತ್ತಿಗೆ ನಿಲ್ಲಿಸಬೇಡಿ. ನಾಲ್ಕೂವರೆ ಮತ್ತು ಸ್ವಲ್ಪ ಎಂದು ಗೊತ್ತಾಗುತ್ತದೆಯೇ ಹೊರತು ಆ ಸ್ವಲ್ಪ ಎಷ್ಟು ಎಂದು ತಿಳಿಯುವುದಿಲ್ಲ. ತಿರುಗಿಸುತ್ತಲೇ ಹೋಗಿ, ಎರಡೂ ಗೆರೆಗಳು ಒಟ್ಟಿಗೆ ತಮ್ಮ ಮೊದಲಿನ ಜಾಗಕ್ಕೆ ಮರಳುವ ಕ್ಷಣಕ್ಕೆ ಕಾಯಿರಿ. ಒಂಬತ್ತು-ನಲವತ್ತೊಂದು ಆಗಿದ್ದರೆ ಕ್ರೌನ್ ಸರಿಯಾಗಿ 9 ಸುತ್ತು ಹೋದಾಗ ಪಿನಿಯನ್ ಸರಿಯಾಗಿ 41 ಸುತ್ತು ಹೋಗಿರುತ್ತದೆ, ಅದಕ್ಕೆ ಮೊದಲು ಎಂದೂ ಎರಡೂ ಒಟ್ಟಿಗೆ ಪೂರ್ಣವಾಗುವುದಿಲ್ಲ. ಕ್ರೌನಿನ 9 ಅಂದರೆ ಫ್ಲ್ಯಾಂಜಿನ 18. ಎಂಟು-ನಲವತ್ತೊಂದು ಆಗಿದ್ದರೆ 16ಕ್ಕೆ ಕೂಡುತ್ತವೆ.

ತಮ್ಮನ ಮಗ ಹೊರಗೆ ಕೂತಿದ್ದ, ನಾನು ಕೆಳಗೆ. ಹದಿನಾರು ಎಂದು ಅವನು ಕೂಗಿದಾಗ ನನ್ನ ಎಣಿಕೆ 36 ದಾಟಿ ಅರ್ಧ ದಾರಿಯ ಹತ್ತಿರ ಇತ್ತು, ಗೆರೆ ಮೇಲಕ್ಕೆ ಮುಖ ಮಾಡಿ ನಿಂತಿತ್ತು. ಅಲ್ಲಿಗೆ ತಗಡಿನ ಮಾತು ಸುಳ್ಳಾಯಿತು. ಹದಿನೇಳು. ಹದಿನೆಂಟು ಎಂದಾಗ ನಾನು 41 ಎಂದೆ, ನನ್ನ ಕಣ್ಣೆದುರಿಗೆ ಬಿಳಿ ಗೆರೆ ಹೌಸಿಂಗಿನ ಗುರುತಿನ ಮೇಲೆ ಬಂದು ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತೆರೆಯದ ಹೌಸಿಂಗಿನೊಳಗೆ 9 ಹಲ್ಲಿನ ಪಿನಿಯನ್ ಇದೆ ಎಂದು ಕಣ್ಣಾರೆ ಕಂಡಷ್ಟೇ ಖಾತ್ರಿಯಾಯಿತು.

ಕ್ರೌನಿನ ಹಲ್ಲು ಸರಿಸಂಖ್ಯೆಯಾದರೆ ಗೆರೆಗಳು ಅರ್ಧದಲ್ಲೇ ಕೂಡುತ್ತವೆ. ಏಳು-ನಲವತ್ತು ಆದರೆ ಫ್ಲ್ಯಾಂಜಿನ 7 ಸುತ್ತಿಗೆ ಶಾಫ್ಟ್ 20 ಆಗಿ ಗೆರೆ ಸೇರಿಬಿಡುತ್ತದೆ. ಆಗಲೂ ಹೆದರಬೇಕಿಲ್ಲ, 20ನ್ನು 7ರಿಂದ ಭಾಗಿಸಿ ಇಮ್ಮಡಿಸಿದರೆ 5.714 ಎಂಬ ಸರಿಯಾದ ಅನುಪಾತವೇ ಬರುತ್ತದೆ. ಕ್ರೌನಿನಲ್ಲಿ 37, 41, 43ರಂತಹ ಸಂಖ್ಯೆಗಳು ಹೆಚ್ಚು ಕಾಣುವುದಕ್ಕೆ ಕಾರಣವಿದೆ. ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದದೇ ಹಲ್ಲುಗಳನ್ನು ಮತ್ತೆ ಮತ್ತೆ ಕಚ್ಚದೆ ಎಲ್ಲವನ್ನೂ ಸರದಿಯಂತೆ ಭೇಟಿಯಾಗಿ, ಸವೆತ ಸಮನಾಗಿ ಹಂಚಿಕೆಯಾಗಲಿ ಎಂದು ಹಾಗೆ ಆರಿಸುತ್ತಾರೆ.

ಟಿಪ್ಪರುಗಳ ಮಾಲೀಕರಿಗೆ ಒಂದು ಎಚ್ಚರಿಕೆ. ಹಬ್ಬಿನೊಳಗೇ ಇನ್ನೊಂದು ಸುತ್ತು ಗೇರುಗಳಿರುವ ಆಕ್ಸಲ್‌ಗಳಿವೆ, ಹಬ್ ದಪ್ಪ ಮಡಕೆಯಂತೆ ಹೊರಗೆ ಚಾಚಿರುತ್ತದೆ. ಅಲ್ಲಿ ಈ ವಿಧಾನ ಹೊಂದುವುದಿಲ್ಲ. ಚಕ್ರವನ್ನೇ ಎತ್ತಿ ಎಣಿಸಿದರೆ ಮಾತ್ರ ಒಟ್ಟು ಅನುಪಾತ ಸಿಗುತ್ತದೆ. ಹಿಂದೆ ಎರಡು ಆಕ್ಸಲ್ ಎಳೆಯುವ ಲಾರಿಗಳಲ್ಲಿ ಎರಡನ್ನೂ ಎಣಿಸಿ. ಒಂದರ ಅನುಪಾತ ಬೇರೆಯಾದರೆ ಅವು ರಸ್ತೆಯ ಮೇಲೆ ಒಂದನ್ನೊಂದು ಎಳೆದಾಡಿ ಗೇರನ್ನೂ ಟೈರನ್ನೂ ತಿನ್ನುತ್ತವೆ.

ಪಿಕಪ್‌ಗಳಲ್ಲಿ, ಜೀಪುಗಳಲ್ಲಿ ಹೀಗೆ ಬಿಚ್ಚಲು ಬರುವ ಫ್ಲ್ಯಾಂಜ್ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಹಿಂದಿನ ಒಂದೇ ಚಕ್ರವನ್ನು ಎತ್ತಿ, ಜ್ಯಾಕಿನ ಜೊತೆ ಸ್ಟ್ಯಾಂಡ್ ಕೊಟ್ಟು, ಉಳಿದ ಮೂರಕ್ಕೂ ಅಡ್ಡೆ ಹಾಕಿ, ನ್ಯೂಟ್ರಲ್ಲಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟು ಎಣಿಸಬೇಕು. ನೆಲದ ಮೇಲಿರುವ ಚಕ್ರ ನಿಂತಿರುತ್ತದೆಯಾದ್ದರಿಂದ ಇಲ್ಲಿಯೂ ಅದೇ ಇಮ್ಮಡಿ ಲೆಕ್ಕ. ಹ್ಯಾಂಡ್‌ಬ್ರೇಕ್ ಬಿಟ್ಟ ಗಾಡಿ ಅದು. ಗಟ್ಟಿ ನೆಲ ಇಲ್ಲದಿದ್ದರೆ ಮಾಡಲೇಬೇಡಿ, ದೇಹದ ಯಾವ ಭಾಗವೂ ಕೆಳಗಿರದಂತೆ ನೋಡಿಕೊಳ್ಳಿ.

ಡಿಫರೆನ್ಷಿಯಲ್ಲಿನ ಜಾತಿ ಯಾವುದು ಎಂದು ತಿಳಿಯುವುದೂ ಇದೇ ಹೊತ್ತಿನ ಕೆಲಸ. ಅಡಿಕೆ ತೋಟದ ಮಣ್ಣು ರಸ್ತೆಯಲ್ಲಿ ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಾ ಇನ್ನೊಂದು ಕಲ್ಲಿನಂತೆ ನಿಂತಿದ್ದನ್ನು ಕಂಡವರಿಗೆ ಇದು ಯಾಕೆ ಬೇಕು ಎಂದು ವಿವರಿಸಬೇಕಿಲ್ಲ. ಮೇಲಿನ ಎಣಿಕೆಯಲ್ಲೇ ಮೊದಲ ಸುಳಿವು ಸಿಕ್ಕಿರುತ್ತದೆ. ಒಂದು ಕಡೆ ಬಿಚ್ಚಿ, ಇನ್ನೊಂದು ಕಡೆ ಬ್ರೇಕ್ ಹಿಡಿದಿರುವಾಗ ಪ್ರೊಪೆಲ್ಲರ್ ಶಾಫ್ಟ್ ಸರಾಗ ತಿರುಗಿದರೆ ಅದು ಓಪನ್, ಅಂದರೆ ಒಂದು ಚಕ್ರ ನಿಂತರೂ ಇನ್ನೊಂದನ್ನು ಸುತ್ತಲು ಬಿಡುವ ಸಾದಾ ಬಗೆ. ಬಹಳ ಬಿಗಿಯಾಗಿ, ಜಗ್ಗಿ ಜಗ್ಗಿ ತಿರುಗಿದರೆ ಒಳಗೆ ಕ್ಲಚ್ ತಟ್ಟೆಗಳಿದ್ದು ಒಂದೇ ಚಕ್ರ ಸುಮ್ಮನೆ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್. ತಿರುಗಲೇ ಇಲ್ಲವೆಂದರೆ ಎರಡೂ ಚಕ್ರಗಳನ್ನು ಒಂದಾಗಿ ಕಟ್ಟುವ ಡಿಫ್-ಲಾಕ್ ಕಚ್ಚಿಕೊಂಡಿದೆ.

ಖಚಿತ ಮಾಡಿಕೊಳ್ಳಲು ಎರಡೂ ಕಡೆಯ ಫ್ಲ್ಯಾಂಜ್ ಬಿಚ್ಚಿ, ಗಾಡಿಯನ್ನು ಮೊದಲನೇ ಗೇರಿಗೆ ಹಾಕಿ. ಈಗ ಪ್ರೊಪೆಲ್ಲರ್ ಶಾಫ್ಟ್ ತಿರುಗುವಂತಿಲ್ಲ. ಎಡದ ಫ್ಲ್ಯಾಂಜ್ ತಿರುಗಿಸಿದಾಗ ಬಲದ್ದು ವಿರುದ್ಧ ದಿಕ್ಕಿಗೆ ಅಷ್ಟೇ ತಿರುಗಿದರೆ ಓಪನ್. ಜಗ್ಗುವುದೇ ಇಲ್ಲವೆಂದರೆ ಲಾಕ್ ಅಥವಾ ಗಟ್ಟಿಮುಟ್ಟಾದ ಲಿಮಿಟೆಡ್ ಸ್ಲಿಪ್. ನ್ಯೂಟ್ರಲ್ಲಿನಲ್ಲಿ ಈ ಪರೀಕ್ಷೆ ಮಾಡುವ ರೂಢಿ ಇದೆ, ನನಗದು ಹಿಡಿಸುವುದಿಲ್ಲ. ತಣ್ಣಗಿನ ದಪ್ಪ ಎಣ್ಣೆಯೇ ಎರಡೂ ಕಡೆಯನ್ನು ಒಂದೇ ದಿಕ್ಕಿಗೆ ಎಳೆದು ಮೋಸ ಮಾಡಬಹುದು. ಲಾಕ್ ಇರುವ ಆಕ್ಸಲ್ಲಿನಲ್ಲಿ ಅನುಪಾತ ಎಣಿಸುವಾಗ ಎರಡೂ ಕಡೆ ಬಿಚ್ಚಿ ನ್ಯೂಟ್ರಲ್ಲಿನಲ್ಲಿ ಎಣಿಸಿ. ಎರಡೂ ಒಟ್ಟಿಗೆ ತಿರುಗುವುದರಿಂದ ಅಲ್ಲಿ ಇಮ್ಮಡಿ ಮಾಡುವ ಹಾಗಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಡಿಫ್-ಲಾಕ್ ಸ್ವಿಚ್ ಇದ್ದರೆ ಅದನ್ನೂ ಈಗಲೇ ಪರೀಕ್ಷಿಸಿ. ಟ್ಯಾಂಕಿನಲ್ಲಿ ಗಾಳಿ ಇರಬೇಕು. ಸ್ವಿಚ್ ಒತ್ತಿ, ಒಂದು ಫ್ಲ್ಯಾಂಜನ್ನು ನಿಧಾನವಾಗಿ ತಿರುಗಿಸಿದರೆ ಒಳಗೆ ಹಲ್ಲು ಹಲ್ಲಿಗೆ ಸಿಕ್ಕಿ ‘ಟಕ್’ ಎಂದು ಕೂರುತ್ತದೆ. ಒತ್ತಿದ ಮೇಲೂ ಫ್ಲ್ಯಾಂಜುಗಳು ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದರೆ ಗಾಳಿಯ ಪೈಪು ಸೋರುತ್ತಿದೆ ಅಥವಾ ಒಳಗಿನ ಫೋರ್ಕ್ ಸರಿಯುತ್ತಿಲ್ಲ. ಇದು ಕೆಸರಿನಲ್ಲಿ ಸಿಕ್ಕಿಕೊಂಡ ದಿನ ಗೊತ್ತಾಗುವುದಕ್ಕಿಂತ ಅಂಗಳದಲ್ಲಿ ಗೊತ್ತಾಗುವುದು ಒಳ್ಳೆಯದು.

ಕೈಯಿಂದ ತಿರುಗಿಸುವ ಪರೀಕ್ಷೆಗೆ ಸಿಗದ ಒಂದು ಬಗೆಯೂ ಇದೆ. ಮಹೀಂದ್ರಾದ ಥಾರ್‌ನಂತಹ ಗಾಡಿಗಳಲ್ಲಿ ಬರುವ ಈಟನ್ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್, ಎರಡು ಚಕ್ರಗಳ ನಡುವಿನ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ಮೀರಿದಾಗ ಮಾತ್ರ ತಾನಾಗಿಯೇ ಕಚ್ಚುತ್ತದೆ. ಕೈಯಲ್ಲಿ ತಿರುಗಿಸಿದರೆ ಅದು ಓಪನ್‌ನಂತೆಯೇ ವರ್ತಿಸುತ್ತದೆ. ಅದನ್ನು ಗಾಡಿಯ ದಾಖಲೆಯಿಂದ ತಿಳಿಯಬೇಕು. ಚಕ್ರ ಎತ್ತಿ ಎಂಜಿನ್ ಚಾಲೂ ಮಾಡಿ ನೋಡುವ ಯೋಚನೆ ಖಂಡಿತ ಬೇಡ. ಎತ್ತಿದ ಚಕ್ರ ಜೋರಾಗಿ ಸುತ್ತಿದ ಕ್ಷಣವೇ ಲಾಕ್ ಕಚ್ಚಿ, ನೆಲದ ಮೇಲಿರುವ ಚಕ್ರ ಗಾಡಿಯನ್ನು ಜ್ಯಾಕಿನಿಂದ ಮುಂದಕ್ಕೆ ಹಾರಿಸುತ್ತದೆ.

ನನ್ನ ಲಾರಿಯದು ಸಾದಾ ಓಪನ್. ಫ್ಲ್ಯಾಂಜ್ ಮರಳಿ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದೆ, ಸೋರಿದಷ್ಟು ಎಣ್ಣೆ ತುಂಬಿದೆ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಬೇಕು, ಇದನ್ನು ಬಿಟ್ಟವರ ಬೋಲ್ಟುಗಳು ಘಟ್ಟದಲ್ಲಿ ತುಂಡಾಗುತ್ತವೆ.

ಆಮೇಲಿನದು ವರ್ಕ್‌ಶಾಪಿನ ಕೆಲಸ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಒಂದಕ್ಕೊಂದು ಉಜ್ಜಿ ಹೊಂದಿಸಿದ ಜೋಡಿ, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಹೊಡೆದಿರುತ್ತಾರೆ. ಪಿನಿಯನ್ ಮಾತ್ರ ಬದಲಿಸಿದರೆ ಸಾಕು ಎನ್ನುವವರ ಮಾತು ಕೇಳಬೇಡಿ. ಶಿಮ್ ಎಂಬ ತೆಳು ತಗಡಿನ ಬಿಲ್ಲೆ ಹಾಕಿ ಆಳ ಹೊಂದಿಸಿ, ಡಯಲ್ ಗೇಜ್ ಇಟ್ಟು ಸಡಿಲು ಅಳೆದು, ಹಲ್ಲಿಗೆ ಬಣ್ಣ ಬಳಿದು ಎಲ್ಲಿ ತಾಗುತ್ತಿದೆ ಎಂದು ನೋಡುವವರ ಕೈಗೇ ಕೊಡಿ. ನಾನು ಎಂಟು-ನಲವತ್ತೊಂದರ ಹೊಸ ಜೋಡಿ ಹಾಕಿಸಿದೆ. ಹಳೆಯದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಪಿನಿಯನ್ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿದೆ. ಒಂಬತ್ತು.

ಲಾರಿ ಹೊರಗೆ ಬರುವ ಮೊದಲು ಅಲ್ಲಿಯೇ ಮತ್ತೆ ಎಣಿಸಲು ಅನುಮತಿ ಕೇಳಿದೆ. ಹದಿನಾರಕ್ಕೆ 41, ಗೆರೆ ಗೆರೆಗೆ ಸೇರಿತು. ಮರುದಿನ ಕುಮಟಾಕ್ಕೆ ಹೋಗುವಾಗ ಮೀಟರ್ 60 ತೋರಿಸಿತು, ಬರುವಾಗ ಚಿರೆಕಲ್ಲು ತುಂಬಿದ ಲಾರಿ ಆ ತಿರುವನ್ನು ಮೂರನೇ ಗೇರಿನಲ್ಲೇ ಹತ್ತಿತು. ಸಾವಿರ ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿ ನೋಡಿದೆ. ಅಯಸ್ಕಾಂತದ ಮುಚ್ಚಳದ ಮೇಲೆ ವಿಭೂತಿಯಷ್ಟು ನುಣ್ಣಗಿನ ಬೂದು ಪುಡಿ ಅಂಟಿಕೊಂಡಿತ್ತು, ಬೆರಳಿನಲ್ಲಿ ಉಜ್ಜಿದರೆ ಒಂದು ಚೂರೂ ಚುಚ್ಚಲಿಲ್ಲ.